ಏಳನೇ ಬಾವುಟ

ಗಾಲ್ಫ್ ಮೈದಾನಕ್ಕೆಂದು ಕ್ಲಬ್ಬಿನವರು ಹಟ್ಟಿಯವರನ್ನು ಒಕ್ಕಲೆಬ್ಬಿಸಿದಾಗ ಚಿಕ್ಕತಿಮ್ಮ ಇನ್ನೂ ಅವ್ವನ ಸೆರಗು ಹಿಡಿದು ಓಡಾಡುವ ಹುಡುಗ. ದೊಡ್ಡವನಾದ ಮೇಲೆ ಆ ನೆಲಕ್ಕಾಗಿ ಕೋರ್ಟು ಹತ್ತಿದ. ಅವ್ವ ಮಾತ್ರ ಅದೇ ಮೈದಾನದಲ್ಲಿ ಕಳೆ ಕೀಳುವ ಕೆಲಸಕ್ಕೆ ಹೋಗುತ್ತಿದ್ದಳು.

"ನಮ್ಮನ್ನ ಓಡಿಸ್ದೋರ ಕಳೆ ಕೀಳೋಕೆ ನಾಚಿಕೆ ಆಗಲ್ವೇನವ್ವ?" ಎಂದು ಅವನು ಎಷ್ಟೋ ಸಲ ಕೂಗಾಡಿದ್ದ. ಅವಳು ತಲೆಗೆ ಬಟ್ಟೆ ಸುತ್ತಿಕೊಂಡು ಹೊರಟೇಬಿಡುತ್ತಿದ್ದಳು.

ಕೊನೆಗೂ ತೀರ್ಪು ಹಟ್ಟಿಯವರ ಕಡೆ ಬಂತು. ಕ್ಲಬ್ಬಿಗೆ ಬೀಗ ಬಿದ್ದ ದಿನವೇ ಚಿಕ್ಕತಿಮ್ಮ ಟ್ರ್ಯಾಕ್ಟರ್ ಇಳಿಸಿದ. ಸಂಜೆಯೊಳಗೆ ಇಡೀ ಮೈದಾನವನ್ನು ಉಳುಮೆ ಮಾಡಿಸಿ ಮಟ್ಟಗೊಳಿಸಿದ. ಚೆಂಡು ಬೀಳುವ ಗುಳಿಗಳಲ್ಲಿ ನೆಟ್ಟಿದ್ದ ಬಾವುಟಗಳನ್ನೆಲ್ಲ ಮೊದಲೇ ಕಿತ್ತಿಟ್ಟಿದ್ದ; ಅವನ್ನು ಹೊರೆ ಕಟ್ಟಿ ತಂದು ಅವ್ವನ ಮುಂದೆ ಎಸೆದ.

"ತಗೋ, ಗುಜ್ರಿಗಾಕು. ಅವರ ಗುರುತು ಒಂದೂ ಉಳಿಸಿಲ್ಲ."

ಅವ್ವ ಹೊರೆ ಬಿಚ್ಚಿದಳು. ಒಂದೊಂದನ್ನೇ ಬಿಡಿಸಿ ನೋಡಿ, ಏಳು ಎಂದು ಬರೆದಿದ್ದ ಬಾವುಟವನ್ನು ಮಡಿಲಿಗೆ ಎಳೆದುಕೊಂಡಳು.

"ಇದನ್ನ ಎಲ್ಲಿಂದ ಕಿತ್ತೆ? ಬಾ, ಜಾಗ ತೋರ್ಸು."

"ಎಲ್ಲಾ ಒಂದೇ ಸಮ ಆಗೋಗದೆ. ಇನ್ನೆಲ್ಲಿ ತೋರ್ಸಲಿ? ಅವರ ಬಾವುಟ ಕಟ್ಕೊಂಡು ನಿಂಗೇನಾಗಬೇಕವ್ವ?"

ಅವ್ವ ಬಾವುಟಕ್ಕೆ ಮೆತ್ತಿದ್ದ ಮಣ್ಣನ್ನು ಮೆಲ್ಲಗೆ ಒರೆಸಿದಳು.

"ಹಾಲುಗೂಸಿನ ಗುಂಡಿ ಮೇಲೆ ನಮ್ಮೋರು ಕಲ್ಲು ನೆಡಲ್ವಲ್ಲ ಮಗ. ನಿನ್ನ ಬೆನ್ನಿಗೆ ಹುಟ್ಟಿದ ಕೂಸು ಎಲ್ಲಿ ಮಲಗವ್ಳೆ ಅನ್ನೋದಕ್ಕೆ ನಂಗಿದ್ದ ಗುರುತು ಇದೊಂದೇ."