ಸೂಜಿಯ ಮೂರನೇ ಚೂರು

ಗಾರ್ಮೆಂಟ್ಸ್ ಹಾಲ್‌ನಲ್ಲಿ ತಂಗಿ ಮೆಟಲ್ ಡಿಟೆಕ್ಟರಿನ ದುಂಡನೆಯ ಸುರುಳಿಯನ್ನು ಮಗುವಿನ ಫ್ರಾಕಿನ ಮೇಲೆ ಮೂರನೇ ಸಲ ಆಡಿಸಿದಳು. ಅದು ತುಟಿ ಪಿಟಕ್ಕೆನ್ನಲಿಲ್ಲ. ಹೊಲಿಗೆ ಮಿಷನ್ ಮುಂದೆ ಕೂತಿದ್ದ ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವಳ ಮುರಿದ ಸೂಜಿಯ ಎರಡು ಚೂರು ಆಗಲೇ ಮುರಿದ ಸೂಜಿಗಳ ಲೆಕ್ಕದ ಕಾಗದಕ್ಕೆ ಅಂಟಿದ್ದವು. ಮೂರನೆಯದು, ಮೊನೆ, ಅವಳ ಎಡ ಹೆಬ್ಬೆರಳಿಗೆ ಸುತ್ತಿದ ಬಟ್ಟೆಪಟ್ಟಿಯೊಳಗೆ ಬೆಚ್ಚಗಿತ್ತು.

ಹದಿನೆಂಟು ವರ್ಷ ಬರೀ ಬೆರಳಿಂದ ತಡವಿ ಚೂರು ಹುಡುಕಿದವಳು ಅಕ್ಕ. ಆದರೆ ಡಿಟೆಕ್ಟರ್ ಬಂದಾಗ ಮೇಸ್ತ್ರಿ ಅದನ್ನು ಕೊಟ್ಟಿದ್ದು ತಂಗಿಗೆ. "ಸುರುಳೀಲಿ ಕರೆಂಟ್ ಹರಿಯುತ್ತಮ್ಮಾ, ಸುತ್ತ ಕಾಣದ ಕಾಂತದ ಬಲೆ. ಲೋಹ ಬಂದ್ರೆ ಬಲೆ ಕದಡುತ್ತೆ, ಕುಂಯ್ ಅನ್ನುತ್ತೆ!" ಅಕ್ಕ ಮೇಸ್ತ್ರಿಯ ಮೂಗುದನಿಯಲ್ಲೇ ಅಣಕಿಸಿದಳು. ಕುಂಯ್ ಅನ್ನೂ ರಾಗವಾಗಿ ಎಳೆದಳು. "ಎಲ್ಲೇ ಕುಂಯ್? ಬಾಯಿಗೆ ಬೀಗ ಹಾಕ್ಕೊಂಡಿದ್ಯಾ ನಿನ್ನ ಮುದ್ದು?" ಹೊಲಿಯುತ್ತಿದ್ದವರೆಲ್ಲ ಗೊಳ್ಳೆಂದರು.

ತಂಗಿ ನಗಲಿಲ್ಲ. "ಮೊನೆ ಸಿಗದಿದ್ರೆ ಇವತ್ತಿನ ಅಷ್ಟೂ ಫ್ರಾಕು ಕತ್ತರಿ ಪಾಲು. ಯಾವ ಮಗುಗಾದ್ರೂ ಚುಚ್ಚಿದ್ರೆ? ಇದು ನಮ್ಮಕ್ಕನ ಕೈಗೇ ಸರಿ ಅಂತ ಮೇಸ್ತ್ರಿಗೆ ಅವತ್ತೇ ಹೇಳಿದ್ದೆ, ಕೇಳಲಿಲ್ಲ. ತಗೋ, ಇನ್ಮೇಲೆ ನೀನೇ ಇಟ್ಕೋ." ಡಿಟೆಕ್ಟರನ್ನು ಅಕ್ಕನತ್ತ ಚಾಚಿ, ಮತ್ತೆ ಫ್ರಾಕಿನ ಮೇಲೆ ಬಾಗಿ ಅಂಚು ತಡವತೊಡಗಿದಳು.

ತಿಂಗಳಿಂದ ಕಣ್ಣು ನೆಟ್ಟಿದ್ದ ವಸ್ತು. ಬಳೆ, ಉಂಗುರ ಹಾಕಬಾರದ ಆ ಹಾಲ್‌ನಲ್ಲಿ ಅಕ್ಕ ಬರಿಗೈಯಲ್ಲಿ ಅದನ್ನು ಬಾಚಿಕೊಂಡಳು. ಬಲಗೈ ಹಿಡಿಗೆ ಬಿತ್ತು, ಎಡಗೈ ಸುರುಳಿಗೆ.

ಕುಂಯ್!

"ಅಣಕಿಸಿದ್ದು ಸಾಕು ಕಣಕ್ಕಾ," ಎಂದಳು ತಂಗಿ, ತಲೆ ಎತ್ತದೆ.

ಅಕ್ಕನ ತುಟಿ ಹೊಲಿದಂತೆ ಮುಚ್ಚಿತ್ತು.