ಪೂಜೆಯ ಪುಸ್ತಕ

ಬಲಗೈಯ ಎರಡು ಬೆರಳು ಮುರಿದಿದ್ದರಿಂದ ನರ್ಮದಾ ಎಡಗೈಯಿಂದಲೇ ಪುಸ್ತಕಗಳನ್ನು ತೆಗೆದು ನೋಡುತ್ತಿದ್ದಳು. ಹಿಂದಿನ ಸಲ ಬಂದಾಗ ಕಿವಿಯ ಕೆಳಗೆ ಸುಟ್ಟ ಗಾಯವಿತ್ತು. ಅದಕ್ಕೂ ಹಿಂದೆ ತುಟಿ ಸೀಳಿತ್ತು. ಶಿಕಾರಿಪುರದ ಬಸ್‌ಸ್ಟ್ಯಾಂಡ್ ಪಕ್ಕ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದ ಚನ್ನೇಶನಿಗೆ ಸೊರಬದ ಈ ಹೆಂಗಸಿನ ಗಾಯಗಳು ಬಾಯಿಪಾಠವಾಗಿದ್ದವು.

“ಹೊಸದು ಬಂದಿದ್ಯಾ?”

“ಮಳಿ ಮುಗಿದು ದಸರಾ ಬಂದ ಮ್ಯಾಲೇ ಹೊಸ ಬಂಡಲ್ ಬರೋದ್ರೀ ಅಕ್ಕಾರ. ಸದ್ಯಕ್ಕ ಇದೊಂದು ಕೊಲೆ ಕತಿ ಐತಿ.”

“ಕೊಲೆ ಮಾಡಿದವ ಕೊನೆಗೆ ಸಿಕ್ಕಿಬೀಳ್ತಾನಾ?”

ಪ್ರತಿ ಸಲವೂ ಇದೇ ಪ್ರಶ್ನೆ. ಕೊಲೆಯಿಲ್ಲದ ಕಾದಂಬರಿ ಅವಳಿಗೆ ಬೇಡ. ಕೊಲೆಗಾರ ತಪ್ಪಿಸಿಕೊಂಡರೂ ಬೇಡ. ಕೊನೆ ಹೇಳಿಬಿಡುವುದು ಈ ವ್ಯಾಪಾರದಲ್ಲಿ ಮಹಾಪಾಪ. ಅವಳಿಗಾಗಿ ಚನ್ನೇಶ ಆ ಪಾಪವನ್ನೂ ಕಟ್ಟಿಕೊಂಡಿದ್ದ.

“ಸಿಗ್ತಾನ್ರೀ. ಹೆಣ ಕೊಯ್ದಾಗ ವಿಷ ಗೊತ್ತಾಗ್ತೈತಿ.”

ಅವಳ ಮುಖ ಸಡಿಲವಾಯಿತು. ಪುಸ್ತಕ ಚೀಲ ಸೇರಿತು. “ಹೊಸದಿಲ್ಲದೆ ಮನೆಗೆ ಹೋಗೋ ಹಾಗಿಲ್ಲ ನೋಡಿ” ಎಂದು ಬಸ್ಸಿಗೆ ಓಡಿದಳು.

ಅವಳು ಮರಳಿ ತಂದ ಪುಸ್ತಕವನ್ನು ಚನ್ನೇಶ ಬಿಡಿಸಿ ನೋಡಿದ. ಕತ್ತು ಹಿಸುಕುವ ಪುಟದಲ್ಲಿ ಪೆನ್ಸಿಲ್ ಗೆರೆ. ಕೊಲೆಗಾರ ಎಡವಿದ ಪುಟದಲ್ಲಿ ಇನ್ನೊಂದು. ಈ ಸಲವೂ ಗೆರೆಗಳು ಅಡಿಕೋಲು ಇಟ್ಟಷ್ಟು ನೆಟ್ಟಗಿದ್ದವು. ಕಲಿಯುತ್ತಿದ್ದಾಳೆ. ಯಾರು ಎಲ್ಲಿ ತಪ್ಪಿ ಸಿಕ್ಕಿಬಿದ್ದರೆಂದು ಒಂದೊಂದಾಗಿ ಕಲಿಯುತ್ತಿದ್ದಾಳೆ. ಬೇಗ ಕಲಿಯಲಿ ಪುಣ್ಯಾತ್ಗಿತ್ತಿ, ಎಂದುಕೊಂಡ.

ಅವಳ ಗಂಡನನ್ನು ಅವನು ಕಂಡದ್ದು ಒಂದೇ ಸಲ. ಹಳೆಯ ಪುಸ್ತಕ ಕೊಳ್ಳಲು ಸೊರಬಕ್ಕೆ ಹೋಗಿದ್ದಾಗ ಅವಳೂ ಅದೇ ಬಸ್ಸಿನಲ್ಲಿದ್ದಳು. ಬಸ್ಸು ತಡವಾಗಿತ್ತು. ಅಡಿಕೆ ಸಾಹುಕಾರ ರಘುಪತಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಾಯುತ್ತಿದ್ದ. ಅವಳು ಕೆಳಗಿಳಿದಳೋ ಇಲ್ಲವೋ, ಛತ್ರಿಯ ಹಿಡಿಯಿಂದ ಮುಖಕ್ಕೆ ಬೀಸಿದ. ಮೂಳೆ ಲಟಕ್ಕೆಂದದ್ದು ಚನ್ನೇಶನಿಗೂ ಕೇಳಿಸಿತು. ಮೂಗಿನ ರಕ್ತ ಸುರಿದು ಸೆರಗು ತೊಯ್ದಿತು. ಬಿದ್ದವಳ ಹೊಟ್ಟೆಗೆ ಇನ್ನೊಂದು ಒದ್ದು, ಚೀಲದಿಂದ ಚೆಲ್ಲಿದ ಪುಸ್ತಕಗಳನ್ನು ಬಗ್ಗಿ ಆರಿಸಿ, ಧೂಳು ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು ನಡೆದ.

ಜಿಪುಣ ಮುಂಡೇದು, ಹೆಂಡತಿಯ ರಕ್ತಕ್ಕಿಂತ ಪುಸ್ತಕದ ದಂಡವೇ ಇವನಿಗೆ ಹೆಚ್ಚು. ಅವನ ಕತ್ತು ಮುರಿಯಲು ಚನ್ನೇಶನ ಕೈ ತುರಿಸಿತು. ಕಾಲು ಮಾತ್ರ ತಿರುಗಿ ಬಸ್ಸು ಹತ್ತಿತು. ಆ ಹೇಡಿತನ ಅವನನ್ನು ಒಳಗೇ ಸುಡುತ್ತಿತ್ತು. ತನ್ನ ಕೈಲಾಗದ್ದನ್ನು ಅವಳಾದರೂ ಮಾಡಲಿ ಎಂಬುದೊಂದೇ ಆಸೆ.

ದಸರೆಗೆ ಹೊಸ ಬಂಡಲ್ ಬಂತು. ಅದರಲ್ಲೊಂದು ಕಾದಂಬರಿಯನ್ನು ಓದಿ ಮುಗಿಸಿ ಚನ್ನೇಶ ಎದ್ದು ಕುಳಿತ. ಅದರಲ್ಲೊಬ್ಬ ತನ್ನ ಪಾಲುದಾರನನ್ನು ಡ್ಯಾಮಿನ ಏರಿಯಿಂದ ನೂಕುತ್ತಾನೆ; ಈಜಿ ದಡ ಹಿಡಿದವನ ಕೈಬೆರಳನ್ನು ತುಳಿದು ಮತ್ತೆ ಮುಳುಗಿಸುತ್ತಾನೆ; ಆಮೇಲೆ ತಾನೇ ಬಾಯಿ ಬಡಿದುಕೊಳ್ಳುತ್ತಾನೆ. ಊರಿಗೆ ಊರೇ ಅವನಿಗೆ ಸಮಾಧಾನ ಹೇಳುತ್ತದೆ. ಕೊನೆಯ ಪುಟ ಮುಗಿದರೂ ಯಾರಿಗೂ ಅನುಮಾನವಿಲ್ಲ.

ಕೊಲೆಗಾರ ಸಿಕ್ಕಿಬೀಳದ ಇಂಥದ್ದೇ ಒಂದನ್ನು ಹಿಂದೆ ಕೊಡಹೋದಾಗ ನರ್ಮದಾ ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಿದ್ದಳು. ತನ್ನ ಗುಟ್ಟು ಇವನಿಗೆ ತಿಳಿಯಿತೆಂಬ ಹೆದರಿಕೆ ಇರಬೇಕು, ಪಾಪ.

ಅದಕ್ಕೂ ಚನ್ನೇಶನ ಬಳಿ ದಾರಿಯಿತ್ತು. ಆಯುಧಪೂಜೆಗೆ ಅಂಗಡಿಯ ಪುಸ್ತಕಗಳಿಗೂ ಹೂವು, ಕುಂಕುಮ. ದಶಮಿ ಕಳೆದು ಬಾಗಿಲು ತೆರೆದಾಗ ಮೊದಲ ಗಿರಾಕಿಗೆ ಪೂಜೆಯ ಪುಸ್ತಕವೊಂದನ್ನು ಬನ್ನಿ ಎಲೆ ಇಟ್ಟು ಬಾಡಿಗೆಯಿಲ್ಲದೆ ಕೊಡುವುದು ಅವನ ಅಪ್ಪನ ಕಾಲದ ಪದ್ಧತಿ. ಬೇಡವೆಂದರೆ ಕೊಟ್ಟವರಿಗೂ ಕೇಡು, ಬಿಟ್ಟವರಿಗೂ ಕೇಡು. ಅವಳು ಬರುವವರೆಗೆ ಅವನು ಬೇರೆ ಯಾರನ್ನೂ ಹೊಸ್ತಿಲು ದಾಟಗೊಡಲಿಲ್ಲ.

“ಇದ್ರಲ್ಲಿ ಸಿಕ್ಕಿಬೀಳ್ತಾನಲ್ಲ?” ಅವಳು ಪುಸ್ತಕ ಮುಟ್ಟದೆ ಕೇಳಿದಳು.

“ಪೂಜಿ ಪುಸ್ತಕರೀ ಅಕ್ಕಾರ. ಕೊನಿ ಕೇಳಬಾರದು, ಬ್ಯಾಡ ಅನ್ನಬಾರದು.”

ಅವಳು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿದಳು.

ಆಮೇಲೆ ಅವಳು ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಸೊರಬದ ಬಸ್ಸಿನ ಕಂಡಕ್ಟರ್ ಉಚ್ಚಂಗಪ್ಪ ಸುದ್ದಿ ತಂದ.

“ಅಂಬ್ಲಿಗೊಳದ ಡ್ಯಾಮಿನ್ಯಾಗ ಹೆಣ ತಗದ್ರಂತ್ರೀ. ಸೊರಬದ ಅಡಿಕಿ ಸಾಹುಕಾರ್ರ ಮನ್ಯಾಗಿನ್ದಂತ. ಗಂಡ ಹೆಂಡ್ತಿ ನೀರು ನೋಡಾಕ ಹೋಗಿದ್ರಂತ, ಕಾಲು ಜಾರೇತಿ. ಬೆರಳೆಲ್ಲ ಕಲ್ಲಿಗೆ ಬಡಿದು ಜಜ್ಜಿದ್ವಂತ.”

ಯಾರ ಹೆಣವೆಂದು ಚನ್ನೇಶ ಕೇಳಲಿಲ್ಲ. ಕೇಳುವುದೇನಿತ್ತು? ಉಚ್ಚಂಗಪ್ಪನ ಕೈಗೆ ಒಂದು ಹಿಡಿ ಕಲ್ಲುಸಕ್ಕರೆ ಸುರಿದ. ಅವತ್ತು ಹೊಟ್ಟೆ ತುಂಬ ಉಂಡ. ಜಜ್ಜಿದ ಆ ಬೆರಳುಗಳನ್ನು ನೆನೆದು ಇನ್ನೊಂದು ತುತ್ತು ಹೆಚ್ಚೇ ಉಂಡ.

ಕೆಲವು ದಿನಗಳ ಮೇಲೆ ಗಿರಾಕಿಯೊಬ್ಬ ಒಳಗೆ ಬಂದ. ಬೋಳಿಸಿದ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರುತ್ತಿತ್ತು. ಚನ್ನೇಶನಿಗೆ ಮೊದಲು ಗುರುತೇ ಸಿಗಲಿಲ್ಲ. ಬಂದವನು ಕಂಕುಳಿನಿಂದ ಪುಸ್ತಕ ತೆಗೆದು, ಧೂಳು ಒರೆಸಿ, ಮೇಜಿನ ಮೇಲಿಟ್ಟ. ಒಣಗಿದ ಬನ್ನಿ ಎಲೆ ಡ್ಯಾಮಿನ ಪುಟದಲ್ಲಿತ್ತು. ಆ ಪುಟದಲ್ಲಿ ಪೆನ್ಸಿಲ್ ಗೆರೆ, ನೆಟ್ಟಗೆ.

“ಇಂಥದ್ದೇ ಹೊಸದೊಂದಿದ್ರೆ ಕೊಡಿ ಮಾರಾಯ್ರೆ” ಎಂದ ರಘುಪತಿ. “ಇಷ್ಟು ದಿನ ನಮ್ಮನೆಯವಳು ನನಗೆ ಓದಕ್ಕೆ ಅಂತ ಆರಿಸಿ ತರ್ತಿದ್ದದ್ರಲ್ಲೆಲ್ಲ ಕೊನೆಗೆ ಸಿಕ್ಕಿಬೀಳ್ತಿದ್ರು.”