ಆಟದೊಳಗಿನ ಗ್ರಂಥಾಲಯ

ಗ್ರಂಥಾಲಯ ಸಹಾಯಕಿ ಪ್ರಫುಲ್ಲಾ ಕಂಪ್ಯೂಟರ್ ಆಟವೊಂದರೊಳಗೆ ಥೇಟ್ ತಮ್ಮದೇ ಗ್ರಂಥಾಲಯವನ್ನು ಕಟ್ಟಿ, ಫೇಸ್‌ಬುಕ್ಕಿನಲ್ಲಿ ಊರಿನವರನ್ನೆಲ್ಲ ಕರೆದಿದ್ದಳು. ಮಕ್ಕಳು ಮನೆಯಲ್ಲೇ ಕೂತು, ಗೊಂಬೆಗಳ ರೂಪದಲ್ಲಿ ಅದರೊಳಗೆ ಬಂದು ಕತೆ ಕೇಳುತ್ತಿದ್ದರು.

"ಏನ್ರೀ ಇದು, ಸರ್ಕಾರಿ ಸಂಬಳ ತಗೊಂಡು ಗೊಂಬೆಯಾಟ? ಮೊದಲು ಮುಚ್ಚಿ," ಎಂದರು ಹೊಸದಾಗಿ ಬಂದ ಅಧಿಕಾರಿ.

"ಮುಚ್ಚಲ್ಲ ಸರ್."

"ಕೆಲಸ ಹೋಗುತ್ತೆ!"

"ಹೋಗ್ಲಿ. ಕತೆ ಕೇಳೋಕೆ ಬಂದ ಮಕ್ಕಳನ್ನ ನಾನಂತೂ ಆಚೆ ಹಾಕಲ್ಲ. ಬೇಕಿದ್ರೆ ನೀವೇ ಹೇಳಿ." ಅವಳು ಮೈಕನ್ನು ಅವರತ್ತ ತಿರುಗಿಸಿದಳು.

ಅಧಿಕಾರಿ ಬಾಗಿ ಗದರಿದರು: "ಎಲ್ಲ ಆಚೆ ನಡೀರಿ!"

ಪರದೆಯ ಮೇಲೆ, ಕಪಾಟುಗಳ ನಡುವೆ ಓಡುತ್ತಿದ್ದ ಗೊಂಬೆಯೊಂದು ಗಕ್ಕನೆ ನಿಂತಿತು.

"ಅಪ್ಪಾ, ನೀನಾ? ನೋಡಪ್ಪಾ, ಇಲ್ಲಿ ನಾನು ವೀಲ್‌ಚೇರ್ ಇಲ್ದೇನೇ ಓಡ್ತಿದ್ದೀನಿ!"